ಹೊಲದಲ್ಲಿರುವ ಮೋರೇರ ಮನೆ: ಮುಟ್ಟಿದರೆ ಕೇಡೇ?

ಪ್ರಶ್ನೆ: ನಮ್ಮದು ಗಂಗಾವತಿ ಕಡೆಯ ಹಳ್ಳಿ. ಗುಡ್ಡದ ಬುಡದಲ್ಲಿ ನಮಗೆ ಮೂರೂವರೆ ಎಕರೆ ಒಣಬೇಸಾಯದ ಹೊಲವಿದೆ. ಅದರ ಮೇಲ್ತುದಿಯಲ್ಲಿ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಕಲ್ಲು ಹೊದಿಸಿದ ನಾಲ್ಕು ಗೂಡುಗಳಿವೆ. ಒಂದರ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿಯಿದೆ. ಊರವರು ಇವನ್ನು ಮೋರೇರ ಮನೆ ಎನ್ನುತ್ತಾರೆ. ಮೂರು ಗೇಣಿನ ಕುಳ್ಳರು ಇಲ್ಲಿ ಸಂಸಾರ ಮಾಡಿಕೊಂಡಿದ್ದರು, ಅವರ ಕಲ್ಲು ಕಿತ್ತವರ ಮನೆ ಉಳಿಯುವುದಿಲ್ಲ ಎಂಬುದು ಹಿರಿಯರ ಮಾತು. ನಮ್ಮಜ್ಜ ಒಂದು ಚಪ್ಪಡಿಯನ್ನು ತಂದು ಬಾವಿಯ ಬಳಿ ಹಾಸಿದ್ದರು. ಆ ವರ್ಷವೇ ಎರಡು ಎತ್ತು ಸತ್ತವು, ಮುಂದೆ ನಮ್ಮ ತಂದೆಗೆ ಲಕ್ವ ಹೊಡೆಯಿತು. ಈಗ ಹೊಲ ಸಮ ಮಾಡಿಸಿ ದಾಳಿಂಬೆ ಹಚ್ಚಬೇಕೆಂದರೆ ಜೇಸಿಬಿಯವನು ಆ ಕಲ್ಲಿನ ತಂಟೆಗೆ ಬರುವುದಿಲ್ಲ ಎನ್ನುತ್ತಾನೆ. ಇನ್ನೊಬ್ಬರು ಅಂಜನ ಹಾಕಿ ನೋಡಿ, ಒಳಗೆ ನಿಧಿಯಿದೆ, ಅಮಾವಾಸ್ಯೆಯಂದು ತೆಗೆಸೋಣ ಎಂದು ಬೆನ್ನು ಹತ್ತಿದ್ದಾರೆ. ಐರ್ಲೆಂಡಿನಲ್ಲಿ ಕೆಲಸ ಮಾಡುವ ನನ್ನ ಮಗ, ಅಲ್ಲಿಯೂ ಇಂಥ ದಿಬ್ಬಗಳಿವೆ, ಒಳಗೆ ಕುಳ್ಳ ದೇವತೆಗಳಿದ್ದಾರೆಂದು ಓದಿದವರೂ ಹೆದರುತ್ತಾರೆ ಎನ್ನುತ್ತಾನೆ. ಹಾಗಾದರೆ ಇದರಲ್ಲಿ ಏನೋ ಇದೆಯೇ? ಪುರಾತತ್ವ ಇಲಾಖೆಗೆ ತಿಳಿಸಿದರೆ ಹೊಲ ಕೈಬಿಟ್ಟು ಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕಲ್ಲು ಮುಟ್ಟಿದರೆ ಕೇಡು ಎಂಬುದು ಒಂದು, ಮುಟ್ಟದಿದ್ದರೆ ಕೈಗೆ ಬಂದ ನಿಧಿ ತಪ್ಪೀತು ಎಂಬುದು ಇನ್ನೊಂದು, ಸರ್ಕಾರಕ್ಕೆ ಗೊತ್ತಾದರೆ ಹೊಲವೇ ಹೋದೀತು ಎಂಬುದು ಮತ್ತೊಂದು. ನಾನು ತಿಳಿದಮಟ್ಟಿಗೆ ಈ ಮೂರರಲ್ಲಿ ನಿಮಗೆ ನಿಜವಾಗಿ ಅಪಾಯ ತರಬಲ್ಲದ್ದು ನಿಧಿಯ ಮಾತು. ಅದಕ್ಕೆ ಬರುವ ಮೊದಲು ನಿಮ್ಮ ಹೊಲದಲ್ಲಿ ಇರುವುದು ಏನು ಎಂಬುದನ್ನು ಹೇಳಬೇಕು.

ನಿಮ್ಮ ವರ್ಣನೆಯಂತೆ ಅವು ಬೃಹತ್ ಶಿಲಾಯುಗದ ಕಲ್ಮನೆಗಳು. ಕಬ್ಬಿಣ ಬಳಕೆಗೆ ಬಂದ ಕಾಲದಲ್ಲಿ, ಅಂದರೆ ಕರ್ನಾಟಕದಲ್ಲಿ ಸುಮಾರು ಕ್ರಿ.ಪೂ. 1200ರಿಂದ ಈಚೆಗೆ ಹಲವು ಶತಮಾನಗಳ ಕಾಲ, ಸತ್ತವರಿಗಾಗಿ ಕಟ್ಟಿದ ಸಮಾಧಿಗಳು ಮತ್ತು ಸ್ಮಾರಕಗಳು ಇವು. ನಿಮ್ಮ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಇಂಥ 400ರಷ್ಟು ರಚನೆಗಳಿವೆ, ಅವುಗಳಲ್ಲಿ ದೊಡ್ಡವು ಆಳೆತ್ತರವನ್ನೂ ಮೀರಿ ನಿಂತಿವೆ. 2021ರಲ್ಲಿ ಆ ನೆಲೆ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಅಲ್ಲಿಯೂ ಗುಡ್ಡಕ್ಕೆ ಮೋರೇರ ಗುಡ್ಡವೆಂದೇ ಹೆಸರು. ಬಂಡೆಯ ನೆತ್ತಿಯ ಮೇಲೆ ಅರ್ಧಗೋಲದಂಥ ಒಂದು ಭಾರಿ ಕಲ್ಲಿದೆ. ಅದನ್ನು ಬಡಿದರೆ ನಗಾರಿ ಬಾರಿಸಿದಂತೆ ದೂರಕ್ಕೆ ಕೇಳಿಸುತ್ತದೆ. ನೀವು ಇನ್ನೂ ಹತ್ತಿ ನೋಡಿಲ್ಲವಾದರೆ ಒಂದು ಬೆಳಗ್ಗೆ ಬೇಗ ಹೊರಟು ನೋಡಿ ಬನ್ನಿ, ನಿಮ್ಮ ಹೊಲದ ನಾಲ್ಕು ಗೂಡುಗಳು ಯಾವ ಬಳಗಕ್ಕೆ ಸೇರಿದವು ಎಂಬುದು ಕಣ್ಣಿಗೇ ತಿಳಿಯುತ್ತದೆ. ಕರಡಿ ಮತ್ತು ಚಿರತೆ ತಿರುಗುವ ಸೀಮೆಯಾದ್ದರಿಂದ ಒಬ್ಬರೇ ಹೋಗಬೇಡಿ.

ಇನ್ನು ಕುಳ್ಳರ ಕಥೆ. ಇದನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನನಗೆ ಮೊದಲಿನಿಂದಲೂ ತಕರಾರಿದೆ, ಏಕೆಂದರೆ ಇದು ಕಣ್ಣೆದುರಿನ ಸಾಕ್ಷ್ಯವನ್ನು ನೋಡಿ ನಮ್ಮ ಹಿಂದಿನವರು ಕಟ್ಟಿದ ತರ್ಕ. ನೀವೇ ಆ ಕಲ್ಮನೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ನಾಲ್ಕು ಗೋಡೆಗಳಿವೆ, ಮೇಲೆ ಸೂರಿದೆ, ಮುಂದೆ ದುಂಡನೆಯ ಬಾಗಿಲಿದೆ, ಆದ್ದರಿಂದ ಅದು ಮನೆಯೇ ಆಗಿರಬೇಕು. ಆದರೆ ಆ ಕಿಂಡಿಯಲ್ಲಿ ಬೆಳೆದ ಆಳು ಸಲೀಸಾಗಿ ತೂರಲಾರ, ಆದ್ದರಿಂದ ಇದ್ದವರು ಕುಳ್ಳರೇ ಆಗಿರಬೇಕು. ಮೇಲಿನ ಚಪ್ಪಡಿಯನ್ನು ಇಂದು ಹತ್ತು ಜನ ಸೇರಿದರೂ ಅಲುಗಿಸಲಾಗದು, ಆದ್ದರಿಂದ ಆ ಕುಳ್ಳರಿಗೆ ರಾಕ್ಷಸರ ಬಲವಿದ್ದಿರಬೇಕು. 19ನೆಯ ಶತಮಾನದಲ್ಲಿ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈಗಿನ ಯಾದಗಿರಿ ಜಿಲ್ಲೆಯ ರಾಜನಕೋಳೂರಿನ ಕಲ್ಮನೆಗಳ ಬಳಿ ಜನರಿಂದ ಕೇಳಿ ಬರೆದಿಟ್ಟದ್ದೂ ಇದನ್ನೇ: ಬಹಳ ಹಿಂದೆ ಈ ನಾಡಿನಲ್ಲಿದ್ದ ಗಿಡ್ಡ ಜನ, ಆದರೆ ಅಸಾಧಾರಣ ಬಲಶಾಲಿಗಳು. ಮಲೆನಾಡಿನ ಕಡೆ ಕೆಲವೆಡೆ ಇವು ಮೋರೇರ ಅಂಗಡಿಗಳಾಗಿವೆ, ಉಳಿದ ಎಷ್ಟೋ ಕಡೆ ವನವಾಸದ ಪಾಂಡವರ ಮನೆಗಳಾಗಿವೆ.

ಈ ತರ್ಕದಲ್ಲಿ ತಪ್ಪಿರುವುದು ಒಂದೇ ಕೊಂಡಿ. ಇವು ಬದುಕಿದ್ದವರು ವಾಸಿಸಿದ ಮನೆಗಳಲ್ಲ. ಇದನ್ನು ಕಟ್ಟಿದವರು ತಾವಿರಲು ಮಣ್ಣು, ಗಳ, ಹುಲ್ಲಿನ ಮನೆಗಳನ್ನು ಕಟ್ಟಿಕೊಂಡರು. ಅವು ಮಳೆಗೆ ಕರಗಿದವು, ಗೆದ್ದಲಿಗೆ ಹೋದವು, ನೇಗಿಲಿಗೆ ಸಿಕ್ಕಿ ಸಮವಾದವು. ಕಲ್ಲಿನಲ್ಲಿ ಕಟ್ಟಿದ್ದು ಸತ್ತವರಿಗಾಗಿ ಮಾತ್ರ. ಎರಡೂವರೆ ಸಾವಿರ ವರ್ಷಗಳಾಚೆ ನಿಂತು ನೋಡುವವರಿಗೆ ಬದುಕಿದ್ದವರ ಊರು ಕಾಣದೆ ಸತ್ತವರ ಊರಷ್ಟೇ ಕಂಡರೆ, ಇಲ್ಲಿಯೇ ಸಂಸಾರ ಮಾಡಿಕೊಂಡಿದ್ದರು ಎಂದುಕೊಳ್ಳುವುದು ಸಹಜವೇ. ಮೂಳೆ ಸಿಕ್ಕ ಕಡೆಗಳಲ್ಲಿ ಅವು ನಮ್ಮ ನಿಮ್ಮಂಥ ಎತ್ತರದ ಮನುಷ್ಯರ ಮೂಳೆಗಳೇ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಕಿಂಡಿಯುಳ್ಳ ಕಲ್ಲಿನ ಕೋಣೆಗಳೊಳಗೆ ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಮೂಳೆಗಳು ಮಡಕೆಗಳ ಜೊತೆ ದೊರೆತವು. ಶವವನ್ನು ಬೇರೆಡೆ ಇಟ್ಟು, ಮಾಂಸ ಕಳೆದ ಮೇಲೆ ಆಯ್ದ ಮೂಳೆಗಳನ್ನಷ್ಟೇ ತಂದು ಇಲ್ಲಿಡುವ ಪದ್ಧತಿ ಅದು. ಮೂಳೆಗಳನ್ನೂ ಮಡಕೆಗಳನ್ನೂ ಒಳಗಿಡಲು ಬೆಳೆದ ಆಳು ಸಲೀಸಾಗಿ ನುಗ್ಗುವಷ್ಟು ದೊಡ್ಡ ಬಾಗಿಲು ಬೇಕಿಲ್ಲ.

ಹಾಗೆಂದು ಪ್ರತಿಯೊಂದರ ಕೆಳಗೂ ಹೆಣವಿದೆ ಎಂದು ತಿಳಿಯಬಾರದು. ಹಿರೇಬೆಣಕಲ್ಲಿನಲ್ಲಿ ಎಷ್ಟೋ ಕಲ್ಮನೆಗಳು ಬರಿಯ ಬಂಡೆಯ ಮೇಲೆ ನಿಂತಿವೆ, ಅಲ್ಲಿ ಹೂಳಲು ಮಣ್ಣೇ ಇಲ್ಲ. ಅವು ನೆನಪಿಗಾಗಿ ಎಬ್ಬಿಸಿದವಿರಬಹುದು. ಮಣ್ಣಿದ್ದ ಕಡೆಯೂ ಗ್ರಾನೈಟ್ ಸೀಮೆಯ ಹುಳಿ ಮಣ್ಣಿನಲ್ಲಿ ಮೂಳೆ ಬಹುಕಾಲ ಉಳಿಯುವುದಿಲ್ಲವಾದ್ದರಿಂದ, ಒಳಗೆ ಏನೂ ಕಾಣಿಸಲಿಲ್ಲವೆಂದ ಮಾತ್ರಕ್ಕೆ ಅದು ಸಮಾಧಿಯಲ್ಲ ಎಂದೂ ಹೇಳಲಾಗದು.

ಬಲದ ಮಾತಿಗೂ ಉತ್ತರವಿದೆ. ನಿಮ್ಮ ಭಾಗದ ಗ್ರಾನೈಟ್ ಬಂಡೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಬಿರುಕು ಕಂಡಲ್ಲಿ ಬೆಂಕಿಯಿಂದ ಕಾಯಿಸಿ, ಬೆಣೆ ಹೊಡೆದು ಎಬ್ಬಿಸಿದರೆ ಒಂದೇ ದಪ್ಪದ ಅಗಲ ಚಪ್ಪಡಿ ಸಿಗುತ್ತದೆ. ಅಂಚನ್ನು ಕಲ್ಲಿನಿಂದಲೇ ಕುಟ್ಟಿ ಹದಕ್ಕೆ ತರಬಹುದು. ಹಾರೆ, ಉರುಳೆಮರ, ಹಗ್ಗ, ಮಣ್ಣಿನ ಇಳಿಜಾರು ಮತ್ತು ಸುಗ್ಗಿ ಮುಗಿಸಿ ಬಿಡುವಾಗಿರುವ ಒಂದು ಊರಿನ ಜನ ಇದ್ದರೆ ಉಳಿದ ಕೆಲಸ ಆಗುತ್ತದೆ. ಜಾರ್ಖಂಡದ ಮುಂಡಾ ಜನರೂ ಮೇಘಾಲಯದ ಖಾಸಿಗಳೂ ಯಂತ್ರಗಳಿಲ್ಲದೆಯೇ ಇಂಥ ಕಲ್ಲುಗಳನ್ನು ಎಬ್ಬಿಸುತ್ತ ಬಂದವರು. ಕಲ್ಲು ತೆಗೆದ ಹೊಂಡಗಳು ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಇಂದಿಗೂ ನೀರು ಹಿಡಿದುಕೊಂಡು ನಿಂತಿವೆ.

ಕಥೆಯೊಳಗೆ ಸಾಕ್ಷ್ಯ ಅಡಗಿರುವ ಬಗೆಗೆ ನಿಮ್ಮ ನೆರೆಯ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹಂಪಿಯ ಬಳಿ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವಿದೆ, ಅದು ವಾಲಿಯನ್ನು ಸುಟ್ಟ ಜಾಗವೆಂದು ಜನ ನಂಬುತ್ತಾರೆ. ಬಳ್ಳಾರಿ ಕಡೆಯ ಕುಡತಿನಿಯಲ್ಲೂ ಅಂಥದ್ದೇ ದೊಡ್ಡ ದಿಬ್ಬವಿದೆ. ಬೂದಿ ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟ ಅದರಲ್ಲಿ ಸಿಗುವುದನ್ನು ಕಂಡು ಬ್ರಿಟಿಷ್ ಅಧಿಕಾರಿಗಳೂ ತಲೆ ಕೆಡಿಸಿಕೊಂಡಿದ್ದರು. ಅದು ಸಗಣಿಯ ಬೂದಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸೂಚಿಸಿದರು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆಸಿದಾಗ ಬೂದಿಯ ಪದರಗಳಲ್ಲಿ ದನದ ಗೊರಸಿನ ಗುರುತುಗಳೇ ದೊರೆತವು. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಮತ್ತೆ ಮತ್ತೆ ರಾಶಿ ಹಾಕಿ ಸುಟ್ಟದ್ದರಿಂದ ಆದ ದಿಬ್ಬಗಳು ಅವು. ಇಲ್ಲಿ ಭಾರಿ ಬೆಂಕಿ ಉರಿದಿತ್ತು ಎಂಬ ಜನರ ಊಹೆ ಸರಿಯಾಗಿಯೇ ಇತ್ತು, ಉರಿದದ್ದು ಯಾವುದು ಎಂಬಲ್ಲಿ ಮಾತ್ರ ಕಥೆ ಬೇರೆ ದಾರಿ ಹಿಡಿಯಿತು.

ಮೋರೇರು ಎಂದರೆ ಮೌರ್ಯರು, ಇವು ಅಶೋಕನ ಕಾಲದ ಕಟ್ಟಡಗಳು ಎನ್ನುವವರೂ ನಿಮ್ಮ ಭಾಗದಲ್ಲಿದ್ದಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಈ ಊಹೆಗೆ ಬಲ ಬಂದಿದೆ. ಆದರೆ ಈ ಸಂಪ್ರದಾಯ ಮೌರ್ಯರಿಗಿಂತ ಎಷ್ಟೋ ಮೊದಲೇ ಆರಂಭವಾದದ್ದು.

ನಿಮ್ಮ ಮಗ ಹೇಳಿದ್ದು ನಿಜ. ಐರ್ಲೆಂಡಿನ ಜನಪದರಲ್ಲಿ ಸೋತು ನೆಲದೊಳಗೆ ಸೇರಿಕೊಂಡ ತುವಾಥಾ ಡೇ ಡನನ್ ಎಂಬ ದೈವೀ ಜನರ ಕಥೆಯಿದೆ. ದಿಬ್ಬಗಳು ಅವರ ಅರಮನೆಗಳು, ಮುಟ್ಟಿದವರಿಗೆ ದನ ಸಾಯುತ್ತವೆ, ಕೈಕಾಲು ಬೀಳುತ್ತವೆ ಎಂಬ ನಂಬಿಕೆಯೂ ಇದೆ. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್ ಎಂಬಲ್ಲಿ ಹೆದ್ದಾರಿಗೆ ಅಡ್ಡವಾಗಿದ್ದ, ಈ ದೇವತೆಗಳದ್ದೆಂದು ನಂಬಲಾದ ಒಂದು ಮುಳ್ಳುಗಿಡವನ್ನು ಕಡಿಯದಂತೆ ಕಥೆಗಾರ ಎಡ್ಡಿ ಲೆನಿಹನ್ ಹೋರಾಡಿದರು, ಗಿಡ ಉಳಿಯಿತು. ಆದರೆ ಎರಡೂ ಕಡೆ ಒಂದೇ ಕಥೆಯಿರುವುದರಿಂದ ಏನೋ ಇರಬೇಕು ಎಂಬ ತೀರ್ಮಾನಕ್ಕೆ ನಾನು ಬರಲಾರೆ. ಅಲ್ಲಿ ಜನ ಹೆದರುವ ದುಂಡು ಮಣ್ಣಿನ ಕೋಟೆಗಳು ದೇಶದಲ್ಲಿ 45,000ದಷ್ಟಿವೆ, ಅವುಗಳಲ್ಲಿ ಬಹುಪಾಲು ಸಮಾಧಿಗಳೇ ಅಲ್ಲ, ಮಧ್ಯಯುಗದ ಆರಂಭದ ರೈತರು ಮನೆ ಮತ್ತು ದನಗಳ ಸುತ್ತ ಏರಿ ಹಾಕಿಕೊಂಡ ಜಾಗಗಳು. ಅಲ್ಲಿಯ ದೊಡ್ಡ ಸಮಾಧಿ ದಿಬ್ಬವಾದ ನ್ಯೂಗ್ರೇಂಜ್ ಸುಮಾರು ಕ್ರಿ.ಪೂ. 3200ರದು, ನಿಮ್ಮ ಹೊಲದ ಕಲ್ಲುಗಳಿಗಿಂತ ಸುಮಾರು ಎರಡು ಸಾವಿರ ವರ್ಷ ಹಿಂದಿನದು. ಯಾರು ಕಟ್ಟಿದರೆಂಬ ನೆನಪು ಅಳಿದು ಕಟ್ಟಡ ಮಾತ್ರ ಉಳಿದಾಗ ಆ ಖಾಲಿ ಜಾಗವನ್ನು ಕಥೆ ತುಂಬುತ್ತದೆ. ಎರಡೂ ನಾಡುಗಳಿಗೆ ಸಮಾನವಾಗಿರುವುದು ಇಷ್ಟೇ. ಓದಿದವರೂ ಇದಕ್ಕೆ ಹೊರತಲ್ಲ. ಮೇಲೆ ಹೇಳಿದ ಟೇಲರ್ ಸುರಪುರದ ಸೀಮೆಯ ಕಲ್ಲುಗಳ ಬಗ್ಗೆ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯ ಮೂಲಕವೇ ಲೇಖನ ಪ್ರಕಟಿಸಿದರು, ಅದರಲ್ಲಿ ಇವನ್ನು ಪ್ರಾಚೀನ ಯುರೋಪಿನ ಕೆಲ್ಟರ, ಅವರ ಡ್ರೂಯಿಡ್ ಪುರೋಹಿತರ, ಹುಲ್ಲುಗಾವಲು ನಾಡಿನ ಅಲೆಮಾರಿ ಸಿಥಿಯನ್ನರ ಸ್ಮಾರಕಗಳ ಸಾಲಿಗೆ ಸೇರಿಸಿದರು. ಹಳ್ಳಿಯವರು ಕುಳ್ಳರನ್ನು ಕಂಡಲ್ಲಿ ಸಾಹೇಬರು ಡ್ರೂಯಿಡರನ್ನು ಕಂಡರು!

ಕೇಡಿನ ವಿಷಯ. ಅಜ್ಜ ಕಲ್ಲು ತಂದ ವರ್ಷ ಎತ್ತು ಸತ್ತದ್ದು ಮನೆಯವರಿಗೆ ನೆನಪಿದೆ. ಕಲ್ಲು ತರದ ವರ್ಷಗಳಲ್ಲಿ ಸತ್ತ ದನಗಳ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ. ಊರಿನ ಎಷ್ಟು ಬಾವಿಕಟ್ಟೆ, ದನದ ಕೊಟ್ಟಿಗೆ, ಬದುಗಳಲ್ಲಿ ಇಂಥ ಚಪ್ಪಡಿಗಳಿವೆ ಎಂದು ಒಮ್ಮೆ ಸುತ್ತಾಡಿ ನೋಡಿ, ಹಾಗೆ ತಂದ ಎಲ್ಲ ಮನೆಗಳೂ ಅಳಿದಿದ್ದರೆ ನಿಮ್ಮ ಊರೇ ಇರುತ್ತಿರಲಿಲ್ಲ. ತಂದೆಯವರ ಲಕ್ವಕ್ಕೆ ಕಾರಣವನ್ನು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯಲ್ಲಿ ಹುಡುಕಬೇಕು. ಒಮ್ಮೆ ಹೊಡೆದದ್ದು ಮತ್ತೆ ಹೊಡೆಯುವ ಸಂಭವವಿರುವುದರಿಂದ ಶಾಂತಿ ಮಾಡಿಸಿದರೂ ಮಾಡಿಸದಿದ್ದರೂ ಮಾತ್ರೆ ಬಿಡಿಸಬೇಡಿ. ಆದರೆ ಕಲ್ಲಿನಿಂದ ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಕ್ಕದ ಚಪ್ಪಡಿಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಒಂದನ್ನು ಎಳೆದರೆ ಟನ್ನುಗಟ್ಟಲೆ ಭಾರದ ಮೇಲ್ಗಲ್ಲು ಯಾವ ಕಡೆ ಬೀಳುತ್ತದೆಂದು ಹೇಳಲಾಗದು. ಒಳಗಿನ ತಂಪಿಗೆ ಹಾವು ಚೇಳು ಸೇರಿಕೊಂಡಿರುತ್ತವೆ. ಮಕ್ಕಳು ಅದರೊಳಗೆ ನುಸುಳದಂತೆ ಹೆದರಿಸಲು ಮೋರೇರ ಕಥೆ ಅಜ್ಜಿಯರ ಕೈಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿದೆ, ಕಲ್ಲುಗಳೂ ಅದರಿಂದಲೇ ಉಳಿದಿವೆ. ನಿಮ್ಮ ಜೇಸಿಬಿ ಚಾಲಕನಿಗೆ ನಾನಂತೂ ಕೃತಜ್ಞ.

ನಿಧಿಯ ಮಾತು ಹೇಳುವವರನ್ನು ಹೊಲದ ಬದುವಿನಾಚೆಯೇ ನಿಲ್ಲಿಸಿ. ಈ ಸಮಾಧಿಗಳಲ್ಲಿ ಸಿಗುವುದು ಒಳಗೆ ಕಪ್ಪು, ಹೊರಗೆ ಕೆಂಪಾಗಿ ಸುಟ್ಟ ಮಡಕೆಗಳು, ತುಕ್ಕು ತಿಂದ ಕಬ್ಬಿಣದ ಕೊಡಲಿ, ಬಾಣದ ತುದಿ, ಕತ್ತಿ, ಕೆಲವು ಕಲ್ಲಿನ ಮಣಿಗಳು, ಶಂಖದ ಚೂರುಗಳು. ಬಂಗಾರವೆಂಬುದು ಅಪರೂಪ, ಸಿಕ್ಕರೂ ಮಣಿಯಷ್ಟು. ಹಂಡೆ ಹಂಡೆ ನಾಣ್ಯವನ್ನು ಹೂತಿಡುವ ಕಾಲ ಅದಲ್ಲ, ನಾಣ್ಯಗಳೇ ಇನ್ನೂ ಬಳಕೆಗೆ ಬಂದಿರಲಿಲ್ಲ ಅಥವಾ ಆಗಷ್ಟೇ ಬರುತ್ತಿದ್ದವು. ನಾನು ಕಂಡ ಎಷ್ಟೋ ಕಲ್ಮನೆಗಳ ಹಿಂಗಲ್ಲನ್ನು ಒಡೆದು, ನೆಲವನ್ನು ಮೊಣಕಾಲಾಳ ಬಗೆದು, ಅಗೆದ ಮಣ್ಣನ್ನು ಪಕ್ಕಕ್ಕೆ ಗುಡ್ಡೆ ಹಾಕಿ ಹೋಗಿರುತ್ತಾರೆ. ಆ ಗುಡ್ಡೆಯಲ್ಲಿ ಹೊಸದಾಗಿ ಒಡೆದ ಮಡಕೆಯ ಚೂರು, ನಿಂಬೆಹಣ್ಣು, ಕರ್ಪೂರದ ಪೊಟ್ಟಣ ಸಿಗುತ್ತವೆ. ನಿಧಿ ಸಿಕ್ಕಿತೆಂಬ ಕುರುಹು ಮಾತ್ರ ಎಲ್ಲಿಯೂ ಕಂಡಿಲ್ಲ. ಸಿಕ್ಕಿತೆಂದೇ ಇಟ್ಟುಕೊಂಡರೂ ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸದೆ ಇಟ್ಟುಕೊಳ್ಳುವುದು ಅಪರಾಧ, ಕರ್ನಾಟಕದಲ್ಲಿ ಇದಕ್ಕೆಂದೇ 1962ರ ಕಾಯ್ದೆಯಿದೆ. ನಿಧಿಗಾಗಿ ಮಾಟದ ಹೆಸರಿನಲ್ಲಿ ನಡೆಸುವ ಅಮಾನುಷ ಆಚರಣೆಗಳನ್ನು ರಾಜ್ಯದ 2017ರ ಕಾಯ್ದೆ ನಿಷೇಧಿಸಿದೆ. ಹೊಲ ನಿಮ್ಮದಾದ್ದರಿಂದ ಮೊದಲು ವಿಚಾರಣೆಗೆ ಸಿಗುವವರು ನೀವೇ, ಅಂಜನದವರು ಅಷ್ಟರಲ್ಲಿ ಊರು ಬಿಟ್ಟಿರುತ್ತಾರೆ. ಅವರು ಮತ್ತೆ ಬಂದರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು, ಕಲ್ಲು ಕಿತ್ತು ಹೊಲ ಸಮ ಮಾಡಿಸುವುದು, ಅದನ್ನು ಮಾಡಿರೆಂದು ನಾನು ಹೇಳಲಾರೆ. ನಿಮ್ಮ ಸರ್ವೆ ನಂಬರು ಈಗಾಗಲೇ ಸಂರಕ್ಷಿತ ಪ್ರದೇಶದೊಳಗೆ ಇದೆಯೋ ಇಲ್ಲವೋ ಎಂಬುದು ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ಹಿರೇಬೆಣಕಲ್ಲಿಗೆ ಹತ್ತಿರದಲ್ಲಿದ್ದರೆ ಇದನ್ನು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು, ಏಕೆಂದರೆ ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕವನ್ನು ಹಾಳು ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಘೋಷಣೆಯಾಗದ ಕಲ್ಲುಗಳಿಗೆ ಕಾನೂನಿನ ರಕ್ಷಣೆ ಬಹಳ ತೆಳು ಎಂಬುದು ನಿಜ. ಆದರೆ ನಾಲ್ಕು ಗೂಡುಗಳ ಜಾಗದಲ್ಲಿ ಎಷ್ಟು ದಾಳಿಂಬೆ ಗಿಡ ಬಂದೀತೆಂದು ಲೆಕ್ಕ ಹಾಕಿದರೆ ಆ ಖರ್ಚೂ ಅಪಾಯವೂ ವ್ಯರ್ಥವೆಂದು ನಿಮಗೇ ಕಾಣುತ್ತದೆ.

ಎರಡನೆಯದು, ಕಲ್ಲುಗಳನ್ನು ಅವುಗಳ ಪಾಡಿಗೆ ಬಿಟ್ಟು ಉಳಿದ ಹೊಲದಲ್ಲಿ ಬೇಸಾಯ ಮಾಡುವುದು. ನಾನು ಹೆಚ್ಚಿನವರಿಗೆ ಹೇಳುವುದು ಇದನ್ನೇ. ಗೂಡುಗಳ ಸುತ್ತ ನಾಲ್ಕಾರು ಮಾರು ಜಾಗವನ್ನು ಉಳದೆ ಬಿಡಿ, ಗಿಡದ ಗುಂಡಿಯನ್ನಾಗಲಿ ಹನಿ ನೀರಾವರಿಯ ಕಾಲುವೆಯನ್ನಾಗಲಿ ಅದರೊಳಗೆ ತೋಡಬೇಡಿ. ಕಲ್ಮನೆಯ ಸುತ್ತ ಸಣ್ಣ ಕಲ್ಲುಗಳ ಉಂಗುರವಿದ್ದರೆ ಅದೂ ಸ್ಮಾರಕದ ಭಾಗವೇ, ಅಡ್ಡಿಯೆಂದು ಆಯ್ದು ಬದುವಿಗೆ ಹಾಕಬೇಡಿ. ಮನೆಯ ಹೆಂಗಸರು ಕಾಯಿ ಒಡೆದು ಕೈಮುಗಿದು ಬರುವುದಾದರೆ ಬರಲಿ, ಆದರೆ ಕಲ್ಲಿಗೆ ಎಣ್ಣೆ, ಸುಣ್ಣ, ಪೇಂಟ್ ಹಚ್ಚುವುದು, ಒಳಗೆ ದೀಪವಿಟ್ಟು ಮಸಿ ಹಿಡಿಸುವುದು, ಒರಗಿದ ಕಲ್ಲಿಗೆ ಸಿಮೆಂಟ್ ಮೆತ್ತುವುದು ಬೇಡ. ನಿಮ್ಮ ಸೀಮೆಯ ಬಂಡೆಗಳ ಆಸರೆಗಳಲ್ಲಿ ಕೆಮ್ಮಣ್ಣಿನ ಹಳೆಯ ಚಿತ್ರಗಳೂ ಇರುವುದುಂಟು, ಮಸಿಗೆ ಅವು ಮೊದಲು ಬಲಿಯಾಗುತ್ತವೆ. ಈ ದಾರಿಯಲ್ಲಿರುವ ಕೊರತೆಯೆಂದರೆ ಕಾವಲಿಲ್ಲದ ಕಲ್ಲು ಅಂಜನದವರ ಕಣ್ಣಿಗೆ ಸುಲಭದ ತುತ್ತಾಗಿಯೇ ಉಳಿಯುತ್ತದೆ.

ಮೂರನೆಯದು, ಇಲಾಖೆಗೆ ತಿಳಿಸುವುದು. ಒಂದು ಅರ್ಜಿ ಕೊಟ್ಟ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಬಹಳಷ್ಟು ಸಲ ಒಬ್ಬರು ಬಂದು ನೋಡಿ, ಅಳತೆ ಮತ್ತು ಛಾಯಾಚಿತ್ರ ತೆಗೆದುಕೊಂಡು ದಾಖಲಿಸಿ ಹೋಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಕೇಂದ್ರ ಸರ್ಕಾರ ಸಂರಕ್ಷಿತವೆಂದು ಘೋಷಿಸಬೇಕಾದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯಂತೆ ಎರಡು ತಿಂಗಳ ನೋಟಿಸ್ ಹೊರಡಿಸಬೇಕು, ಆ ಅವಧಿಯಲ್ಲಿ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗಿದೆ. ಘೋಷಣೆಯಾದ ಮೇಲೂ ಸಂರಕ್ಷಿತ ಪ್ರದೇಶದಲ್ಲಿ ಒಂದು ಅಡಿಗಿಂತ ಆಳ ಅಗೆಯದ ಬೇಸಾಯಕ್ಕೆ ಆ ಕಾಯ್ದೆ ಅಡ್ಡಿ ಮಾಡುವುದಿಲ್ಲ, ಉತ್ಖನನದಿಂದ ಬೆಳೆಗೆ ನಷ್ಟವಾದರೆ ಪರಿಹಾರಕ್ಕೂ ಅವಕಾಶವಿದೆ. ಇದರ ಇನ್ನೊಂದು ಮುಖವನ್ನೂ ಮುಚ್ಚಿಡಲಾರೆ. ಸಜ್ಜೆ, ಜೋಳದಂಥ ಬೆಳೆಗೆ ಒಂದಡಿ ಸಾಕು, ದಾಳಿಂಬೆಯ ಗುಂಡಿಗೆ ಸಾಲದು. ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಅಗತ್ಯವೆಂದು ಕಂಡರೆ ಜಮೀನನ್ನು ಭೂಸ್ವಾಧೀನದ ಮೂಲಕ ಪಡೆಯುವ ಅಧಿಕಾರವೂ ಸರ್ಕಾರಕ್ಕಿದೆ. ರಾಜ್ಯ ಸರ್ಕಾರಕ್ಕೆ ಅದರದೇ 1961ರ ಕಾಯ್ದೆಯಿದೆ. ಹೊಲದಲ್ಲಿ ಮನೆ ಅಥವಾ ಶೆಡ್ಡು ಕಟ್ಟುವ ಯೋಚನೆ ನಿಮಗಿದ್ದರೆ ಇದನ್ನೆಲ್ಲ ತೂಗಿ ನೋಡಿ. ಇಲ್ಲವಾದರೆ ತಿಳಿಸುವುದರಿಂದ ಲಾಭವೇ ಹೆಚ್ಚು, ದಾಖಲೆಯಲ್ಲಿ ಸೇರಿದ ಕಲ್ಲನ್ನು ರಾತ್ರೋರಾತ್ರಿ ಒಡೆದರೆ ದೂರು ಕೊಡಲು ನಿಮ್ಮ ಕೈಯಲ್ಲಿ ಆಧಾರವಿರುತ್ತದೆ.

ಯಾವ ದಾರಿ ಹಿಡಿದರೂ ಮಳೆಗಾಲಕ್ಕೆ ಮೊದಲು, ಹುಲ್ಲು ಬೆಳೆದು ಮುಚ್ಚುವುದರೊಳಗೆ, ಒಂದು ಕೆಲಸ ಮಾಡಿಟ್ಟುಕೊಳ್ಳಿ. ಪ್ರತಿ ಗೂಡಿನ ನಾಲ್ಕೂ ಬದಿಯ ಫೋಟೋವನ್ನು ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ, ಬೆಳಗಿನ ಓರೆ ಬಿಸಿಲಿನಲ್ಲಾದರೆ ಕಲ್ಲು ಕುಟ್ಟಿದ ಗುರುತುಗಳು ಎದ್ದು ಕಾಣುತ್ತವೆ. ಕಿಂಡಿ ಯಾವ ದಿಕ್ಕಿಗಿದೆ, ಅದರ ಅಡ್ಡಳತೆ ಎಷ್ಟು, ಗೂಡು ನಿಂತಿರುವುದು ಬಂಡೆಯ ಮೇಲೋ ಮಣ್ಣಿನಲ್ಲೋ ಎಂಬುದನ್ನು ಬರೆದಿಡಿ. ಉಳುವಾಗ ಕಪ್ಪು–ಕೆಂಪು ಮಡಕೆಯ ಚೂರು ಎದ್ದ ಜಾಗಗಳನ್ನು ಒಂದು ಕೈನಕ್ಷೆಯಲ್ಲಿ ಗುರುತಿಸಿ, ಆದರೆ ಚೂರುಗಳಿಗಾಗಿ ಅಗೆಯಲು ಹೋಗಬೇಡಿ. ಬಾವಿಯ ಬಳಿಯ ಚಪ್ಪಡಿಯನ್ನು ಭಯಪಟ್ಟು ವಾಪಸು ಸಾಗಿಸುವ ಅಗತ್ಯವಿಲ್ಲ. ಎತ್ತುವಾಗ ಒಡೆಯುವ ಸಂಭವವೇ ಹೆಚ್ಚು, ಒಡೆಯದಿದ್ದರೂ ಮೊದಲಿನ ನೆಲೆ ತಪ್ಪಿದ ಕಲ್ಲನ್ನು ಅಂದಾಜಿನಲ್ಲಿ ನಿಲ್ಲಿಸಿದರೆ ಮುಂದೆ ಅಭ್ಯಾಸ ಮಾಡುವವರ ದಾರಿ ತಪ್ಪುತ್ತದೆ. ಅದು ಯಾವ ಗೂಡಿನ ಯಾವ ಬದಿಯದೆಂದು ಮನೆಯ ಹಿರಿಯರಿಗೆ ಈಗಲೂ ನೆನಪಿದ್ದರೆ ಅವರ ಮಾತನ್ನು ಆ ಫೋಟೋದ ಜೊತೆಗೇ ಬರೆದಿಟ್ಟು, ಒಂದು ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೆ ಕೊಡುವ ಅರ್ಜಿಗೆ ಲಗತ್ತಿಸಿ.